ಕಾಣದ ಪಿಸ್ತೂಲು ಮತ್ತು ಬಿಟ್ಟುಹೋದ ಪ್ರಶ್ನೆ

‘ಸುರಕ್ಷಿತ ಶಾಲೆ’ ಕುರಿತು ನಡೆದ ನಮ್ಮ ವಿಚಾರಗೋಷ್ಠಿಯಲ್ಲಿ ಸಹಪ್ರಶಿಕ್ಷಣಾರ್ಥಿಯೊಬ್ಬರು ಅಮೆರಿಕದ ಉದಾಹರಣೆ ಕೊಟ್ಟರು. ಅಲ್ಲಿನ ಕೆಲವು ರಾಜ್ಯಗಳಲ್ಲಿ ಪರವಾನಗಿ ಇರುವವರು ಕಾಲೇಜಿನೊಳಗೂ ಪಿಸ್ತೂಲನ್ನು ಮರೆಮಾಡಿ ಒಯ್ಯಬಹುದು. ಹಾಗಿದ್ದರೆ ದಾಳಿಕೋರನನ್ನು ಅಲ್ಲೇ ತಡೆಯಬಹುದು ಎಂಬುದು ಅವರ ವಾದ. ಅಂದು ಸಮಯ ಸಾಲದೆ ನಾನು ಉತ್ತರಿಸಲಿಲ್ಲ. ಈಗ ಉತ್ತರಿಸುತ್ತಿದ್ದೇನೆ.

ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಗುಂಡಿಟ್ಟು ಕೊಂದ. ಅವರಲ್ಲಿ 30 ಮಂದಿ ಸತ್ತದ್ದು ಒಂದೇ ಕಟ್ಟಡದಲ್ಲಿ, ಹತ್ತು-ಹನ್ನೆರಡು ನಿಮಿಷಗಳೊಳಗೆ. ಪಾಠ ಮಾಡುತ್ತಿದ್ದ ಭಾರತೀಯ ಮೂಲದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಹತರಾದರು. 76 ವರ್ಷದ ಪ್ರಾಧ್ಯಾಪಕ ಲಿವಿಯು ಲಿಬ್ರೆಸ್ಕು ತರಗತಿಯ ಬಾಗಿಲನ್ನು ಒತ್ತಿಹಿಡಿದು ನಿಂತು, ವಿದ್ಯಾರ್ಥಿಗಳಿಗೆ ಕಿಟಕಿಯಿಂದ ಹಾರಿ ಪಾರಾಗಲು ಅವಕಾಶ ಮಾಡಿಕೊಟ್ಟು ಪ್ರಾಣ ಬಿಟ್ಟರು. ಅವರ ಬಳಿಯೂ ಒಂದು ಪಿಸ್ತೂಲಿದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಟೆಕ್ಸಾಸ್ ರಾಜ್ಯ 2015ರಲ್ಲಿ ಇಂಥ ಕಾನೂನು ಮಾಡಿತು. 2016ರ ಆಗಸ್ಟ್ 1ರಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ಜಾರಿಗೆ ಬಂತು. ಕೆಲವು ಸ್ಥಳಗಳನ್ನು ಹೊರಗಿಡಬಹುದಿತ್ತೇ ಹೊರತು ಇಡೀ ಆವರಣದಲ್ಲಿ ನಿಷೇಧಿಸುವಂತಿರಲಿಲ್ಲ. ತಾವೇ ತೀರ್ಮಾನಿಸುವ ಅವಕಾಶವಿದ್ದ ಖಾಸಗಿ ವಿಶ್ವವಿದ್ಯಾಲಯಗಳು ಬಹುತೇಕ ಎಲ್ಲವೂ ಬೇಡವೆಂದವು.

ಗುಂಡು ಹಾರಿದಾಗ ಏನಾಗುತ್ತದೆ ಎಂಬುದರ ಮೇಲೆಯೇ ಸಾಮಾನ್ಯವಾಗಿ ಚರ್ಚೆ ನಡೆಯುತ್ತದೆ. ಗುಂಡು ಹಾರದ ದಿನಗಳಲ್ಲಿ ಪಾಠಕ್ಕೆ ಏನಾಗುತ್ತದೆ ಎಂಬುದು ನನ್ನ ಚಿಂತೆ. ಕಾನೂನು ಜಾರಿಗೆ ಬರುವ ಮೊದಲೇ, 2016ರ ಆರಂಭದಲ್ಲಿ, ಹ್ಯೂಸ್ಟನ್ ವಿಶ್ವವಿದ್ಯಾಲಯದ ಬೋಧಕರ ಸಭೆಯೊಂದರಲ್ಲಿ ಕೆಲವು ಸಲಹೆಗಳನ್ನು ತೆರೆಯ ಮೇಲೆ ತೋರಿಸಲಾಯಿತು: ಸೂಕ್ಷ್ಮ ವಿಷಯಗಳನ್ನು ಎಚ್ಚರದಿಂದ ಚರ್ಚಿಸಿ, ಕೆಲವು ವಿಷಯಗಳನ್ನು ಪಠ್ಯದಿಂದ ಬಿಟ್ಟುಬಿಡಿ, ವಿದ್ಯಾರ್ಥಿಗೆ ಕೋಪ ಬಂದಂತೆ ಕಂಡರೆ ಮುಂದುವರಿಯಬೇಡಿ, ನಿಗದಿತ ವೇಳೆಯ ಹೊರಗೆ ವಿದ್ಯಾರ್ಥಿಗಳ ಭೇಟಿಯನ್ನು ಕಡಿಮೆ ಮಾಡಿ. ಇದು ವಿಶ್ವವಿದ್ಯಾಲಯದ ಆದೇಶವಲ್ಲ. ಬೋಧಕರು ತಮ್ಮತಮ್ಮಲ್ಲೇ ಹೇಳಿಕೊಂಡ ಎಚ್ಚರಿಕೆ. ಆಸ್ಟಿನ್‌ನ ಮೂವರು ಪ್ರಾಧ್ಯಾಪಕಿಯರು ಇದೇ ಆತಂಕದಿಂದ ನ್ಯಾಯಾಲಯಕ್ಕೆ ಹೋದರು. ಇತರರು ಮುಂದೆ ಏನು ಮಾಡಿಯಾರು ಎಂಬ ಭಯವಷ್ಟೇ ದಾವೆ ಹೂಡಲು ಸಾಲದೆಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಅರ್ಜಿಯನ್ನು ಒಪ್ಪಲಿಲ್ಲ.

ಆ ಸಲಹೆಗಳನ್ನು ಓದಿದಾಗ ನನಗೆ ನೆನಪಾದದ್ದು ನನ್ನದೇ ಬೋಧನಾಭ್ಯಾಸದ ಒಂದು ಅವಧಿ. ಒಂಬತ್ತನೇ ತರಗತಿಯಲ್ಲಿ ಸಂವಿಧಾನದ 17ನೇ ವಿಧಿ, ಅಂದರೆ ಅಸ್ಪೃಶ್ಯತೆಯ ನಿಷೇಧದ ಬಗ್ಗೆ ಪಾಠ ಮಾಡುತ್ತಿದ್ದೆ. ‘ನಮ್ಮೂರಿನಲ್ಲಿ ಇದು ಎಲ್ಲೆಲ್ಲಿ ಉಳಿದಿದೆ?’ ಎಂಬುದು ನನ್ನ ಪಾಠಯೋಜನೆಯಲ್ಲಿದ್ದ ಚರ್ಚಾಪ್ರಶ್ನೆ. ಅದರ ಹತ್ತಿರ ಬರುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ ಡೆಸ್ಕು ಗುದ್ದಿ, ‘ಇದೆಲ್ಲ ಈಗ ಯಾಕೆ ಮಿಸ್?’ ಎಂದ. ನಾನು ಆ ಪ್ರಶ್ನೆ ಬಿಟ್ಟು ಮುಂದಿನ ಅಂಶಕ್ಕೆ ಹೋದೆ. ವೀಕ್ಷಣಾ ಹಾಳೆಯಲ್ಲಿ ‘ಸಮಯಪಾಲನೆ ಉತ್ತಮ’ ಎಂದು ಬಂತು.

ಮರುದಿನ ಅದೇ ಪ್ರಶ್ನೆ ಕೇಳಿದೆ. ಆ ಹುಡುಗ ಹತ್ತು ನಿಮಿಷ ವಾದಿಸಿದ. ಉಳಿದವರು ಉತ್ತರ ಕೊಟ್ಟರು. ಅವನು ಒಪ್ಪಿದ ಎಂದು ಹೇಳಲಾರೆ, ಆದರೆ ಗಂಟೆ ಹೊಡೆದ ಮೇಲೂ ಮಾತಾಡುತ್ತ ಸ್ಟಾಫ್ ರೂಮಿನವರೆಗೆ ಬಂದ. ಬರಿಯ ಕೋಪಕ್ಕೇ ಒಂದು ದಿನ ಹಿಂಜರಿದವಳು ನಾನು. ಬೆಂಚುಗಳ ಮೇಲಿನ ಚೀಲಗಳಲ್ಲಿ ಯಾವುದರಲ್ಲಿ ಪಿಸ್ತೂಲಿದೆಯೋ ತಿಳಿಯದ ಕೋಣೆಯಲ್ಲಿ ಮರುದಿನ ಅದೇ ಪ್ರಶ್ನೆ ಕೇಳುತ್ತಿದ್ದೆನೇ? ಪರವಾನಗಿ ಪಡೆದವರಲ್ಲಿ ಹೆಚ್ಚಿನವರು ಶಾಂತರೇ ಇರಬಹುದು. ಆದರೆ ಆಯುಧ ಯಾರಲ್ಲಿದೆ ಎಂದು ಕಾಣದಿದ್ದಾಗ ಶಿಕ್ಷಕಿ ಎಲ್ಲರನ್ನೂ ಅನುಮಾನಿಸಬೇಕಾಗುತ್ತದೆ.

ಇನ್ನೊಂದು ಮಾತು. ವರ್ಜೀನಿಯಾ ಟೆಕ್‌ನ ಆ ವಿದ್ಯಾರ್ಥಿಯ ಬರಹ, ನಡವಳಿಕೆಗಳನ್ನು ಕಂಡು ಇಂಗ್ಲಿಷ್ ವಿಭಾಗದ ಅಧ್ಯಾಪಕಿಯರು 2005ರಲ್ಲೇ ಆತಂಕಪಟ್ಟಿದ್ದರು, ಸಂಬಂಧಪಟ್ಟವರಿಗೆ ತಿಳಿಸಿದ್ದರು. ಅದೇ ವರ್ಷ ನ್ಯಾಯಾಲಯ ಆತನಿಗೆ ಮಾನಸಿಕ ಚಿಕಿತ್ಸೆ ಪಡೆಯಲು ಆದೇಶಿಸಿತ್ತು. ಆದರೂ ಆತ ಅಂಗಡಿಯಲ್ಲಿ ಪಿಸ್ತೂಲು ಕೊಂಡ. ಎಚ್ಚರಿಕೆ ಮೊದಲು ಕಂಡದ್ದು ಅವನ ಬರಹ ಓದಿದ, ಅವನೊಡನೆ ಕುಳಿತು ಮಾತಾಡಿದ ಶಿಕ್ಷಕರಿಗೆ. ಭೇಟಿ ಕಡಿಮೆ ಮಾಡಿ, ಕೋಪ ಕಂಡರೆ ಸುಮ್ಮನಾಗಿ ಎಂಬ ಸಲಹೆ ಈ ಕಣ್ಣನ್ನೇ ಮುಚ್ಚಿಸುತ್ತದೆ. ಸುರಕ್ಷತೆಗೆಂದು ತಂದ ಕಾನೂನು ಹೀಗೆ ಸುರಕ್ಷತೆಯ ಮೊದಲ ಮೆಟ್ಟಿಲನ್ನೇ ಕೀಳುತ್ತದೆ.

ನಮ್ಮ ತರಗತಿಗಳಲ್ಲಿ ಪಿಸ್ತೂಲಿಲ್ಲ. ಆದರೆ ಭಯದಿಂದ ಬಿಟ್ಟುಹೋಗುವ ಪ್ರಶ್ನೆಗಳಿವೆ. ನಮ್ಮ ವೀಕ್ಷಣಾ ಹಾಳೆಯಲ್ಲಿ ಒಂದು ಸಾಲು ಸೇರಿಸಬೇಕೆಂದು ಮಾರ್ಗದರ್ಶಕರಲ್ಲಿ ನನ್ನ ವಿನಂತಿ: ‘ಯೋಜನೆಯಲ್ಲಿದ್ದು ಕೇಳದೆ ಬಿಟ್ಟ ಪ್ರಶ್ನೆ ಯಾವುದು, ಏಕೆ?’ ಮೊದಲ ಹಾಳೆಯನ್ನು ನಾನೇ ತುಂಬಿಸಿಕೊಡುತ್ತೇನೆ.