ಎರಡು ಹೆಜ್ಜೆ ಹಿಂದೆ, ನಾಲ್ಕು ಹೆಜ್ಜೆ ಮುಂದೆ



ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಒಂದೇ ಪ್ರಶ್ನೆ: “ಯಾವ ಲೆನ್ಸ್ ಕೊಳ್ಳಲಿ?” ನಾನೂ ಏನೋ ಒಂದು ನಂಬರು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಆದರೆ ರಾಣೇಬೆನ್ನೂರಿನಿಂದ ಬಂದ ಒಂದು ದಪ್ಪ ಲಕೋಟೆಗೆ ಹಾಗೆ ಉತ್ತರ ಕೊಡಲು ಮನಸ್ಸು ಬರಲಿಲ್ಲ.

ಬರೆದವನು ಸಣ್ಣ ಸ್ಟುಡಿಯೋ ಇಟ್ಟುಕೊಂಡ ಹುಡುಗ. ಮದುವೆ, ಕುಬಸ, ಜವಳ, ಇದೇ ಅವನ ಅನ್ನ. “ಸಾರ್, ಹೋದ ವರ್ಷ ಕಂತಿನ ಮೇಲೆ 70-200ರ ಜೂಮ್ ತಗೊಂಡೆ. ಕಂತು ಇನ್ನೂ ಹದಿನಾಲ್ಕು ಬಾಕಿ ಐತ್ರಿ. ಫೋಟೋ ಮಾತ್ರ ಮೊದಲಿನಂಗಽ ಅದಾವ. ಪಕ್ಕದ ಸ್ಟುಡಿಯೋದಾವ ನನ್ನ ಎರಡು ಮದುವಿ ಆರ್ಡರ್ ಎತ್ಕೊಂಡ. ಈಗ ಇನ್ನ್ಯಾವ ಲೆನ್ಸ್ ತಗೋಬೇಕು?” ಜೊತೆಗೆ ಇಪ್ಪತ್ತು ಫೋಟೋ.

ನೋಡಿದೆ. ಜೂಮ್‌ನಲ್ಲಿ ತೆಗೆದವೆಲ್ಲ ನುಣುಪಾಗಿವೆ, ಹಿನ್ನೆಲೆ ಬೆಣ್ಣೆಯಂತೆ ಕರಗಿದೆ, ಆದರೆ ಎಲ್ಲವೂ ರಸ್ತೆಯ ಆಚೆ ಬದಿಯಿಂದ ಇಣುಕಿ ನೋಡಿದ ಹಾಗೆ. ಮೊಬೈಲಿನಲ್ಲಿ ತೆಗೆದವುಗಳಲ್ಲಿ ದೇವಸ್ಥಾನ ಹಿಂದಕ್ಕೆ ವಾಲಿದೆ, ಮದುಮಗಳ ಮೂಗು ಮುಖಕ್ಕಿಂತ ಮುಂದೆ ಓಡಿದೆ. ಈ ಹುಡುಗನಿಗೆ ಬೇಕಾದದ್ದು ಲೆನ್ಸ್ ಅಲ್ಲ ಅನ್ನಿಸಿತು. “ಹೊಸ ಸಾಲದ ಮಾತು ಬೇಡ, ನಾನೇ ಬರ್ತೀನಿ” ಅಂತ ಬರೆದು ರೈಲು ಹತ್ತಿಬಿಟ್ಟೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಹುಬ್ಬಳ್ಳಿ-ಬೆಂಗಳೂರು ಹಳಿಯ ಮೇಲೇ ಇವೆ. ಹೊಟ್ಟೆಗೆ ಜೋಳದ ರೊಟ್ಟಿ ಗ್ಯಾರಂಟಿ. ಇನ್ನೇನು ಬೇಕು?

ಮೊದಲು ಹಾವೇರಿಯ ಸಿದ್ಧೇಶ್ವರ ದೇವಸ್ಥಾನ. 12ನೇ ಶತಮಾನದ, ಕಲ್ಯಾಣ ಚಾಲುಕ್ಯರ ಶೈಲಿಯ, ಬಳಪದ ಕಲ್ಲಿನ ಗುಡಿ. ಬಹುತೇಕ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮಾಡಿದೆ. ಪಂಡಿತರು ಇದಕ್ಕೆ ಏನೇನೋ ಕಾರಣ ಹೇಳಲಿ, ಕ್ಯಾಮೆರಾದವನಿಗೆ ಇದರ ಅರ್ಥ ಒಂದೇ: ಬೆಳಿಗ್ಗೆ ಎದ್ದು ಓಡಿ ಬರಬೇಡ, ಮುಂಭಾಗ ನೆರಳಲ್ಲಿರುತ್ತದೆ. ಹುಡುಗ ಸಂಜೆ ಐದಕ್ಕೆ ಹೋಗೋಣ ಅಂದ, “ಗೋಲ್ಡನ್ ಲೈಟ್ ಸಾರ್” ಅಂತ. ನಾನು ಮಧ್ಯಾಹ್ನ ಎರಡಕ್ಕೇ ಎಳೆದುಕೊಂಡು ಹೋದೆ. ಯಾಕೆ ಗೊತ್ತೇ? ಆ ಹೊತ್ತಿಗೆ ಬಿಸಿಲು ಪಶ್ಚಿಮದ ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ, ಒಂದೊಂದು ಕೆತ್ತನೆಗೂ ಅದರದೇ ನೆರಳು ಸಿಗುತ್ತದೆ. ಐದಕ್ಕೆ ನೇರ ಮುಖಕ್ಕೇ ಹೊಡೆಯುತ್ತದೆ. ಬಣ್ಣ ಚಂದ, ಕೆತ್ತನೆ ಚಪ್ಪಟೆ.

ಅವನು ಗುಡಿಯ ಬುಡದಲ್ಲೇ ನಿಂತು ಮೊಬೈಲ್ ಮೇಲಕ್ಕೆತ್ತಿದ. ಶಿಖರ ಹಿಂದಕ್ಕೆ ವಾಲಿತು. ಕ್ಯಾಮೆರಾವನ್ನು ಮೇಲೆ ಓರೆ ಮಾಡಿದರೆ ನೇರ ಗೆರೆಗಳೆಲ್ಲ ಮೇಲೆ ಹೋಗಿ ಕೂಡಿಕೊಳ್ಳುತ್ತವೆ. ಅದು ಲೆನ್ಸಿನ ತಪ್ಪಲ್ಲ, ಕೈಯ ತಪ್ಪು. “ಹಿಂದೆ ಹೋಗು” ಅಂದೆ. ಹೋದ. “ಇನ್ನೂ ಹೋಗು.” ಆವರಣದ ಅಂಚಿಗೆ ಹೋಗಿ, ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಅದೇ ಜೂಮ್‌ನ 70ರಲ್ಲಿ ನೋಡಿದಾಗ ಗುಡಿ ಸೆಟೆದು ನಿಂತಿತು. ಹುಡುಗನ ಮುಖದಲ್ಲಿ ಮೊದಲ ಸಲ ಕಂತಿನ ದುಃಖ ಸ್ವಲ್ಪ ಇಳಿಯಿತು!

ಈಗ ಮೂಗಿನ ವಿಷಯ. ಇದು ನನ್ನದೇ ಗಾಯ, ಅದಕ್ಕೇ ಹೇಳುತ್ತೇನೆ. ನಾನು ಸಿನಿಮಾ ಸ್ಟಿಲ್ ತೆಗೆಯಲು ಸೇರಿದ ಹೊಸತರಲ್ಲಿ ಒಬ್ಬ ನಾಯಕಿಯ ಮುಖವನ್ನು 28 ಎಂಎಂ ಲೆನ್ಸಿನಲ್ಲಿ ಒಂದೂವರೆ ಅಡಿ ದೂರದಿಂದ ತೆಗೆದೆ. ‘ಹತ್ತಿರ ಹೋದರೆ ಭಾವ ಬರುತ್ತೆ’ ಅಂತ ನನ್ನ ಜಾಣತನ. ಪ್ರಿಂಟ್ ನೋಡಿ ಆಕೆ ಏನೂ ಅನ್ನಲಿಲ್ಲ, ಸುಮ್ಮನೆ ಮೂಗು ಮುಟ್ಟಿಕೊಂಡರು. ಅಷ್ಟೇ. ಮುಂದಿನ ಚಿತ್ರಕ್ಕೆ ಬೇರೆ ಸ್ಟಿಲ್ ಫೋಟೋಗ್ರಾಫರ್ ಬಂದ.

ಲೆಕ್ಕ ಸುಲಭ. ಮೂಗಿನ ತುದಿಗೂ ಕಿವಿಗೂ ನಡುವೆ ಐದು ಇಂಚು ಅಂತ ಇಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ 12 ಇಂಚು ದೂರದಲ್ಲಿದ್ದರೆ ಕಿವಿ 17 ಇಂಚು ದೂರ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಸುಮಾರು ಒಂದೂವರೆ ಪಟ್ಟು ದೊಡ್ಡದು. ಆರು ಅಡಿ ಹಿಂದೆ ಬನ್ನಿ: ಮೂಗು 72, ಕಿವಿ 77. ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಮೂಗನ್ನು ಕೆಡಿಸಿದ್ದು ಲೆನ್ಸಲ್ಲ, ನೀವು ನಿಂತ ಜಾಗ. ಆರು ಅಡಿಗೆ ಹೋದ ಮೇಲೆ ಮುಖ ಚಿಕ್ಕದಾಯಿತಲ್ಲ, ಅದನ್ನು ಚೌಕಟ್ಟಿಗೆ ತುಂಬಲು 85 ಎಂಎಂ, 100 ಎಂಎಂ ಬೇಕು. ಲೆನ್ಸಿನ ಕೆಲಸ ಅಷ್ಟೇ. ನಿಮ್ಮ ಮೊಬೈಲಿನ ದೊಡ್ಡ ಕಣ್ಣು ಹೆಚ್ಚುಕಡಿಮೆ 24-26 ಎಂಎಂ ಲೆಕ್ಕದ್ದು. ಮುಖಕ್ಕೆ ಅದನ್ನು ತಂದು ಹಿಡಿಯಬೇಡಿ. ‘2x’ ಒತ್ತಿ, ಹಿಂದೆ ಸರಿಯಿರಿ.

ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು (ಹುಟ್ಟಿದ್ದು 1923) ಗುರುದತ್ತರ ಚಿತ್ರಗಳಲ್ಲಿ ಮಾಡಿದ ಕ್ಲೋಸ್‌ಅಪ್‌ಗಳನ್ನು ನೋಡಿ. ಉದ್ದ ಲೆನ್ಸ್, ಮೆತ್ತನೆಯ ಹಿನ್ನೆಲೆ, ಮುಖ ಮಾತ್ರ ತೇಲಿ ಬರುತ್ತದೆ. ಅದೇ ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ನಲ್ಲಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋ ಒಳಗೆ ತಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಕನ್ನಡಿಗೆ ಕಂತು ಇರಲಿಲ್ಲ ಅಂತ ಹುಡುಗನಿಗೆ ನೆನಪಿಸಿದೆ.

ಮರುದಿನ ನಸುಕಿಗೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಕಾಡು. ಕಾಡು ಅನ್ನುವುದಕ್ಕಿಂತ ಹುಲ್ಲು, ಕುರುಚಲು, ನೀಲಗಿರಿ ನೆಡುತೋಪು. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋದೆವು. ಗಂಡು ಚಿಗರಿಯ ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಕ್ಯಾಮೆರಾದ ಮೀಟರಿಗೆ ತಲೆಕೆಡುವ ಪ್ರಾಣಿ. ಬಿಳುಪು ಉಳಿಸಿಕೊಳ್ಳಿ, ಕಪ್ಪನ್ನು ಆಮೇಲೆ ಎತ್ತಿಕೊಳ್ಳಬಹುದು. ಸುಟ್ಟ ಬಿಳುಪು ವಾಪಸು ಬರುವುದಿಲ್ಲ.

200ರಲ್ಲೂ ಚಿಗರಿ ಬೆರಳುದ್ದ. ಹುಡುಗ ಬಗ್ಗಿಕೊಂಡು ಮುಂದೆ ಹೊರಟ. ಹಿಂಡು ಒಟ್ಟಿಗೇ ತಲೆ ಎತ್ತಿತು. ಭುಜ ಹಿಡಿದು ಕೂರಿಸಿದೆ. ಇಲ್ಲಿ ಮಾತ್ರ ನಿನ್ನ ಗೆರೆ ಎಲ್ಲಿದೆ ಅಂತ ಪ್ರಾಣಿ ಹೇಳುತ್ತದೆ, ನೀನಲ್ಲ. ಅದು ಮೇಯುವುದನ್ನು ಬಿಟ್ಟು ನಿನ್ನನ್ನು ನೋಡಿದರೆ ನೀನು ಒಂದು ಹೆಜ್ಜೆ ಹೆಚ್ಚು ಬಂದಿದ್ದೀಯ. ಸಣ್ಣದಾಗಿ ಕಂಡರೆ ಸಣ್ಣದಾಗಿಯೇ ತೆಗೆ. ಮಂಜು, ಹುಲ್ಲು, ಹಿಂದೆ ನೀಲಗಿರಿ ಸಾಲು, ನಡುವೆ ಎರಡು ಕೊಂಬು. ಅದೂ ಒಂದು ಚಿತ್ರವೇ. ಹಾಂ, 200ರಲ್ಲಿ ಶಟರ್ ಸೆಕೆಂಡಿನ 1/250ಕ್ಕಿಂತ ಕೆಳಗೆ ಇಳಿದರೆ ಕೈ ಅಲುಗಿದ್ದು ಕಾಣುತ್ತದೆ, ಗಮನವಿರಲಿ. ಅವು ತಾವಾಗಿ ಓಡಿದಾಗ ಬೇಕೆಂದೇ 1/60ಕ್ಕೆ ಇಳಿಸಿ, ಓಟದ ಜೊತೆಗೇ ಕ್ಯಾಮೆರಾ ತಿರುಗಿಸಲು ಹೇಳಿದೆ. ಮೂವತ್ತು ಚಿತ್ರ ಹೊಡೆದ, ಒಂದು ಬಂತು. ಮೂವತ್ತಕ್ಕೆ ಒಂದು ಒಳ್ಳೆಯ ಬೆಳೆಯೇ.

ಬೆಳೆ ಅಂದಾಗ ನೆನಪಾಯಿತು. ದಾರಿಯಲ್ಲಿ ಸಿಕ್ಕ ರೈತರೊಬ್ಬರು ನಮ್ಮ ಕ್ಯಾಮೆರಾ ನೋಡಿ ಅಂದರು: “ನಿಮಗ ಚಿಗರಿ ಅಂದ್ರ ಫೋಟೋ. ನಮಗ ಗೋವಿನಜ್ವಾಳ ಹೋದ ಲೆಕ್ಕ.” ಉತ್ತರ ಹೊಳೆಯಲಿಲ್ಲ. ಅವರದೂ ಒಂದು ಚಿತ್ರ ತೆಗೆದು ಬಂದೆವು, ಹೊಲದ ಬದುವಿನ ಮೇಲೆ ನಿಂತ ಹಾಗೆ.

ಇನ್ನು ಬ್ಯಾಡಗಿ. ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ಹತ್ತಿರ ಒಳಗೆ ತಿರುಗಿದರೆ ಸಾಕು, ಊರು ಕಾಣುವ ಮೊದಲೇ ಘಾಟು ಮೂಗಿಗೆ ಬಡಿಯುತ್ತದೆ. ಸುಗ್ಗಿಯ ಕಾಲ, ಸಂತೆಯ ದಿನ. ಚೀಲದ ಮೇಲೆ ಚೀಲ, ಹಮಾಲರ ಕೂಗು, ನೆಲವೆಲ್ಲ ಕೆಂಪು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಈ ಬಣ್ಣವನ್ನೇ ಹಿಂಡಿ ತೆಗೆದು ತುಟಿಬಣ್ಣ, ಉಗುರುಬಣ್ಣಕ್ಕೂ ಬಳಸುತ್ತಾರೆ. ಅಂದ ಮೇಲೆ ನಮ್ಮ ತಾರೆಯರ ಕ್ಲೋಸ್‌ಅಪ್‌ಗೂ ಬ್ಯಾಡಗಿಗೂ ನೆಂಟಸ್ತನ ಇಲ್ಲ ಅಂತ ಹೇಗೆ ಹೇಳುವುದು?

ಫಿಲ್ಮಿನ ಕಾಲದಲ್ಲಿ ಇಲ್ಲಿಗೆ ಬಂದು ನಾನೊಂದು ದೊಡ್ಡ ಪೆದ್ದುತನ ಮಾಡಿದ್ದೆ. ಓರ್ವೋ ಕಪ್ಪು-ಬಿಳುಪು ರೀಲು. ಮೋಡ ಎದ್ದು ಕಾಣಲಿ ಅಂತ ಕೆಂಪು ಫಿಲ್ಟರ್ ಹಾಕಿದೆ. ಕೆಂಪು ಫಿಲ್ಟರ್ ಕೆಂಪನ್ನು ಬಿಳಿಚಿಸುತ್ತದೆ ಅನ್ನುವುದು ಮರೆತೇ ಹೋಯಿತು. ತೊಳೆದು ನೋಡಿದರೆ ಮೋಡ ಭರ್ಜರಿ, ಮೆಣಸಿನಕಾಯಿ ರಾಶಿ ಹತ್ತಿ ರಾಶಿ!

ಈಗಿನ ಡಿಜಿಟಲ್‌ಗೆ ಬೇರೆ ರೋಗ. ಕೆಂಪು ಮಿತಿ ಮೀರಿ ತುಂಬಿಕೊಂಡು ಕಾಯಿಯ ಸುಕ್ಕೆಲ್ಲ ಅಳಿಸಿಹೋಗುತ್ತದೆ, ಕೆಂಪು ಬಳಿದ ರಟ್ಟಿನಂತೆ ಕಾಣುತ್ತದೆ. ಬ್ಯಾಡಗಿ ಕಾಯಿಯ ಗುರುತೇ ಆ ಸುಕ್ಕು. ಅದಕ್ಕೆ ಬೆಳಕು ಒಂದು ಸ್ಟಾಪ್ ಕಡಿಮೆ ಮಾಡಿ. ಮೊಬೈಲಿನಲ್ಲಾದರೆ ರಾಶಿಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಬೆಳಗಿನ ಓರೆ ಬಿಸಿಲಿರಲಿ. ಇನ್ನೊಂದು ಮಾತು, ಘಾಟಿನ ನಡುವೆ ಲೆನ್ಸ್ ಬಿಚ್ಚಬೇಡಿ. ಕಾಯಿ ಮುಟ್ಟಿದ ಕೈಯಲ್ಲಿ ಕಣ್ಣನ್ನಂತೂ ಒರೆಸಲೇಬೇಡಿ. ನಾನು ಒರೆಸಿದ್ದೇನೆ.

ದಲಾಲಿ ಅಂಗಡಿಯೊಂದರ ಮುಂದೆ ಹೆಂಗಸರು ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಮ್ಮ ಹುಡುಗ ಹಳೆಯ ಚಾಳಿಯಂತೆ ಲಾರಿಯ ಹಿಂದೆ ಅಡಗಿ 200ಕ್ಕೆ ಎಳೆದ. ಮುಖಕ್ಕೆ ಸೆರಗು ಸುತ್ತಿಕೊಂಡಿದ್ದ ಒಬ್ಬ ಮುದುಕಿ ತಲೆಯೆತ್ತದೆಯೇ ಕೂಗಿದಳು: “ಏ ತಮ್ಮಾ, ಕಳ್ಳನಂಗ ಯಾಕ ನಿಂತೀ? ಬೇಕಂದ್ರ ಬಾ, ಇಲ್ಲಿ ಬಂದು ತಗಿ!”

ಹುಡುಗನ ಮುಖ ರಾಶಿಗಿಂತ ಕೆಂಪಾಯಿತು. ನಾಲ್ಕು ಹೆಜ್ಜೆ ಮುಂದೆ ಹೋದ. “ತಪ್ಪಾತು ಯವ್ವಾ” ಅಂದ. ಕೂತ. ಕೂತ ಮೇಲೆ ಮಾತು ಬಂತು. ಆಕೆಯ ಯಜಮಾನರು ಹೋದಾಗ ಶ್ರದ್ಧಾಂಜಲಿಯ ಬ್ಯಾನರಿಗೆ ಮನೆಯಲ್ಲಿ ಫೋಟೋನೇ ಇರಲಿಲ್ಲವಂತೆ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದರು. “ಯಾರೋ ಬ್ಯಾರೆ ಮನಶ್ಯಾನಂಗ ಕಾಣತಿದ್ದ. ನಾಲ್ವತ್ತ ವರ್ಷ ಸಂಸಾರ ಮಾಡಿದಾಕಿ, ನನಗಽ ಗುರ್ತ ಹತ್ತಲಿಲ್ಲ. ನನಗ ಹಂಗ ಆಗಬಾರದು. ಮೊಮ್ಮಕ್ಕಳು ನೋಡಿ, ಇದು ನಮ್ಮಜ್ಜಿ ಅನ್ನಬೇಕು.”

ಹುಡುಗ ನನ್ನ ಮುಖ ನೋಡಿದ. ನಾನು ಬೇಕೆಂದೇ ದೂರ ಸರಿದೆ. ಇದು ಅವನ ಪರೀಕ್ಷೆ.

ಅವನು ಆಕೆಯನ್ನು ಬಿಸಿಲಿನಿಂದ ಅಂಗಡಿಯ ಮಾಡಿನ ನೆರಳಿಗೆ ಕರೆದ. ಆರು ಅಡಿ ದೂರ ಹೆಜ್ಜೆಯಲ್ಲೇ ಅಳೆದ. ಜೂಮನ್ನು 85ರ ಹತ್ತಿರ ನಿಲ್ಲಿಸಿದ. ನೋಡಿದರೆ ಮುಂದಿನ ರಾಶಿಯ ಕೆಂಪು ಹೊಳಪು ಗದ್ದದ ಕೆಳಗೆ ಹತ್ತಿ, ಮುಖ ಜ್ವರ ಬಂದಂತಾಗಿತ್ತು. ಏನು ಮಾಡುತ್ತಾನೆ ಅಂತ ಕಾದೆ. ಪಕ್ಕದ ಹಮಾಲರ ಹೆಗಲ ಮೇಲಿದ್ದ ಬಿಳಿ ಟವೆಲ್ ಕೇಳಿ ಪಡೆದು ಆಕೆಯ ಮೊಣಕಾಲಿನ ಮುಂದೆ ರಾಶಿಯ ಮೇಲೆ ಹಾಸಿದ. ಕೆಂಪು ಹೋಗಿ ಮೆತ್ತನೆಯ ಬೆಳಕು ಕೆಳಗಿನಿಂದ ಎದ್ದಿತು, ಕಣ್ಣಗುಳಿಗಳು ತುಂಬಿದವು. ಸುಬ್ರತ ಮಿತ್ರ 1956ರ ‘ಅಪರಾಜಿತೋ’ಗೆ ಬಟ್ಟೆಗೆ ಬೆಳಕು ಹೊಡೆದು ವಾಪಸು ತಂದರಲ್ಲ, ಅದೇ ವಿದ್ಯೆ. ಹುಡುಗನಿಗೆ ಆ ಹೆಸರು ಗೊತ್ತಿರಲಿಲ್ಲ. ಗೊತ್ತಿರಬೇಕೆಂದೇನೂ ಇಲ್ಲ.

ಮೊದಲ ಹತ್ತು ಚಿತ್ರ ಕೆಟ್ಟವು. ಆಕೆ ಆಧಾರ್ ಕಾರ್ಡಿನವರ ಮುಂದೆ ಕೂತಂತೆ ಉಸಿರು ಬಿಗಿಹಿಡಿದಿದ್ದಳು. ಆಗ ಹುಡುಗ ಕ್ಯಾಮೆರಾ ಇಳಿಸಿ ಒಂದು ಕಾಯಿ ಎತ್ತಿಕೊಂಡು, “ಯವ್ವಾ, ಇದು ಕಡ್ಡಿ ಅಲ್ಲೇನು?” ಅಂದ. ಅದು ಡಬ್ಬಿ. ಯಾರಿಗಾದರೂ ಕಾಣುವಂತಿತ್ತು! “ರಾಣೇಬೆನ್ನೂರಾಗ ಹುಟ್ಟಿ ಡಬ್ಬಿ-ಕಡ್ಡಿ ಗೊತ್ತಿಲ್ಲಾ?” ಅಂತ ಆಕೆ ಸೆರಗು ಸರಿಸಿ, ಕಾಯಿಯನ್ನು ಅವನ ಮೂಗಿನ ಮುಂದೆ ಹಿಡಿದು ಬಯ್ಯಲು ಶುರು ಮಾಡಿದಳು. ಬಯ್ದು ಮುಗಿಸಿ ನಕ್ಕಳು. ಕ್ಲಿಕ್.

ಆ ಒಂದು ಸದ್ದು ಕೇಳಿ ನಾನು ನನ್ನ ಚೀಲ ಕಟ್ಟಿದೆ.

ಮೂರು ವಾರದ ಮೇಲೆ ಪತ್ರ ಬಂತು. ಹೊಸ ಲೆನ್ಸಿನ ಮಾತಿಲ್ಲ. ಚಿತ್ರವನ್ನು ದೊಡ್ಡ ಕಾಗದಕ್ಕೆ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಬ್ಯಾಡಗಿಗೆ ಒಯ್ದನಂತೆ. ಕೂಲಿಯ ಹೆಂಗಸರೆಲ್ಲ ಸುತ್ತ ನೆರೆದರಂತೆ, ಅವರಲ್ಲಿ ನಾಲ್ವರು ತಮ್ಮದೂ ತೆಗಿ ಅಂದರಂತೆ. ಕಂತು ಇನ್ನು ಹದಿಮೂರು. ಮುದುಕಿ ಚಿತ್ರವನ್ನು ಬಹಳ ಹೊತ್ತು ನೋಡಿ, “ಇದು ನಾನಽ ಹೌದು” ಅಂದಳಂತೆ. ಆಮೇಲೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಳು. ಗೋಡೆಗೆ ಹಾಕೋದಿಲ್ಲೇನು ಅಂತ ಇವನು ಕೇಳಿದ್ದಕ್ಕೆ, “ಈಗಽ ಹಾಕಿದ್ರ ನಮ್ಮ ಹುಡುಗ್ರು ಮಾಲಿ ಹಾಕಿಬಿಡ್ತಾರ. ಅವಸರ ಏನೈತಿ? ಇನ್ನೂ ಸುಗ್ಗಿ ಮುಗಿದಿಲ್ಲ” ಅಂದಳಂತೆ.