‘ಇವತ್ತು ಬೇಡ ಸರ್’ ಎನ್ನುವವರನ್ನು ಉಳಿಸಿಕೊಳ್ಳಿ

ಸಿನಿಮಾ, ಧಾರಾವಾಹಿ, ನಾಟಕ ಎಂದು ನೂರಾರು ಜನರ ಹಗಲು ರಾತ್ರಿಗಳನ್ನು ನಿಮ್ಮ ಒಂದು ಮಾತಿನ ಮೇಲೆ ನಿಲ್ಲಿಸಿಕೊಂಡಿರುವ ನಿರ್ದೇಶಕರೇ, ತಂಡ ಕಟ್ಟುವ ಗೆಳೆಯರೇ, ನಿಮ್ಮನ್ನು ದೂರುವುದಕ್ಕಲ್ಲ, ಬೇಡಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್ ನಡೆಯುತ್ತಿತ್ತು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕನಟ ದಡ ಸೇರಿದರು, ಖಳರ ಪಾತ್ರದಲ್ಲಿದ್ದ ಇಬ್ಬರು ಯುವಕರು ಮುಳುಗಿಹೋದರು. ಈಜು ಅಷ್ಟಾಗಿ ಬಾರದು ಎಂದು ಹಾರುವ ಮೊದಲೇ ಅವರು ಕ್ಯಾಮೆರಾಗಳ ಮುಂದೆ ಹೇಳಿಕೊಂಡಿದ್ದರು. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಇನ್ನೊಂದು ಚಿತ್ರದ ಸಾಹಸ ದೃಶ್ಯ ತೆಗೆಯುವಾಗ ಹೈಟೆನ್ಷನ್ ತಂತಿಯ ವಿದ್ಯುತ್ ಹರಿದು ಒಬ್ಬ ಫೈಟರ್ ಪ್ರಾಣ ಬಿಟ್ಟ. ಎರಡೂ ಸಲ ಕೇಸಾಯಿತು, ಬಂಧನವಾಯಿತು, ಟಿವಿಯಲ್ಲಿ ಚರ್ಚೆಯಾಯಿತು, ಆಮೇಲೆ ಎಲ್ಲರಿಗೂ ಮುಂದಿನ ಶೆಡ್ಯೂಲ್ ಬಂತು.

ಅಲ್ಲಿದ್ದವರು ಯಾರೂ ಕಟುಕರಾಗಿರಲಿಲ್ಲ ಎಂದೇ ನಂಬಿದ್ದೇನೆ, ನನ್ನನ್ನು ಹೆಚ್ಚು ನೋಯಿಸುವುದೂ ಅದೇ. ಒಳ್ಳೆಯವರೇ ತುಂಬಿದ ಯೂನಿಟ್‌ನಲ್ಲಿ ‘ಇವತ್ತು ಬೇಡ ಸರ್’ ಎಂದು ಹೇಳಿ ಅದನ್ನು ದಕ್ಕಿಸಿಕೊಳ್ಳಬಲ್ಲ ಒಬ್ಬನಿರಲಿಲ್ಲವಲ್ಲ!

ಏಕಿರಲಿಲ್ಲ ಎನ್ನುವುದು ನಿಮಗೆ ಗೊತ್ತು. ಬೆಳಕು ಇಳಿಯುತ್ತಿದೆ, ಹೀರೋನ ಕಾಲ್‌ಶೀಟ್ ಇವತ್ತಿಗೇ ಮುಗಿಯುತ್ತದೆ, ನಿರ್ಮಾಪಕರು ಕುರ್ಚಿಯ ತುದಿಗೆ ಬಂದು ಕೂತಿದ್ದಾರೆ. ಕ್ಲ್ಯಾಪ್ ಹಿಡಿದ ಹುಡುಗನಿಗೆ ರೋಪಿನ ಗಂಟು ಸಡಿಲಾಗಿರುವುದು ಕಾಣುತ್ತದೆ. ಅವನು ಒಮ್ಮೆ ಗಂಟನ್ನು ನೋಡುತ್ತಾನೆ, ಒಮ್ಮೆ ನಿಮ್ಮ ಮುಖವನ್ನು ನೋಡುತ್ತಾನೆ, ಹೋದ ಚಿತ್ರದಲ್ಲಿ ಬಾಯಿ ಬಿಟ್ಟ ಗೆಳೆಯನಿಗೆ ಮುಂದಿನ ಚಿತ್ರದಲ್ಲಿ ಕರೆ ಬರಲಿಲ್ಲ ಎನ್ನುವುದು ನೆನಪಾಗುತ್ತದೆ, ದಿನದ ಬಾಟಾ ನೆನಪಾಗುತ್ತದೆ, ಊರಿಗೆ ಕಳಿಸಬೇಕಾದ ದುಡ್ಡು ನೆನಪಾಗುತ್ತದೆ, ಕ್ಲ್ಯಾಪ್ ಹೊಡೆದು ಪಕ್ಕಕ್ಕೆ ಸರಿಯುತ್ತಾನೆ. ನಿಮಗೆ ಗೊತ್ತು, ಏಕೆಂದರೆ ನಿಮ್ಮಲ್ಲಿ ಬಹಳಷ್ಟು ಮಂದಿ ಅದೇ ಕ್ಲ್ಯಾಪ್ ಹಿಡಿದುಕೊಂಡೇ ಮೇಲೆ ಬಂದವರು.

ಸಾವು ಸುದ್ದಿಯಾಗುತ್ತದೆ. ಸುದ್ದಿಯಾಗದ್ದು ಎಷ್ಟೋ ಇದೆ. ಗಾಂಧಿನಗರದ ಲಾಡ್ಜ್ ಕೋಣೆಯ ಡಿಸ್ಕಷನ್ನಿನಲ್ಲಿ ಇಡೀ ಸೀನನ್ನೇ ಹುಟ್ಟಿಸಿಕೊಟ್ಟ ಹುಡುಗ ಥಿಯೇಟರಿನಲ್ಲಿ ಟೈಟಲ್ ಕಾರ್ಡ್ ಓಡುವಾಗ ಅಮ್ಮನ ಪಕ್ಕ ಕೂತು ತನ್ನ ಹೆಸರಿಗಾಗಿ ಕಣ್ಣು ಕೀಲಿಸಿ ನೋಡುತ್ತಾನೆ, ಹೆಸರು ಬರುವುದಿಲ್ಲ. ಔಟ್‌ಡೋರ್‌ನಲ್ಲಿ ಬಟ್ಟೆ ಬದಲಿಸಲು ಮರೆಯಿಲ್ಲದೆ, ಶೌಚಾಲಯವಿಲ್ಲದೆ, ಬೆಳಗಿನಿಂದ ನೀರನ್ನೇ ಕುಡಿಯದೆ ದುಡಿಯುವ ಜೂನಿಯರ್ ಕಲಾವಿದೆಯರಿದ್ದಾರೆ. ಕೇರಳದಲ್ಲಿ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ನೋಡಿದ ಹೇಮಾ ಸಮಿತಿ ಇಂಥವನ್ನೆಲ್ಲ ಬರೆದು 2019ರ ಡಿಸೆಂಬರಿನಲ್ಲೇ ಸರ್ಕಾರದ ಕೈಗಿಟ್ಟಿತು, ವರದಿ ಜನರ ಕಣ್ಣಿಗೆ ಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಅದಾದ ಮೇಲೆ ನಮ್ಮ ಚಿತ್ರರಂಗದವರೂ ಇಲ್ಲೊಂದು ಸಮಿತಿ ಬೇಕೆಂದು ಮುಖ್ಯಮಂತ್ರಿಗಳ ಬಾಗಿಲಿಗೆ ಹೋದರು. ಸಮಿತಿ ಬೇಕು, ಖಂಡಿತ ಬೇಕು. ಆದರೆ ನಿಮ್ಮ ಸೆಟ್ಟಿನಲ್ಲಿ ಆ ಹೆಣ್ಣುಮಗಳಿಗೆ ಒಂದು ಮರೆ ಕಟ್ಟಿಸಲು ಯಾವ ಸಮಿತಿಗೂ ಕಾಯಬೇಕಿಲ್ಲ. ಇದೂ ನಿಮಗೆ ಗೊತ್ತು.

ಗದರಿಸದಿದ್ದರೆ ಕೆಲಸ ಆಗುವುದಿಲ್ಲ, ಭಯವಿಲ್ಲದಿದ್ದರೆ ಕಲೆ ಬರುವುದಿಲ್ಲ ಎನ್ನುತ್ತೀರಿ. ಹೆಗ್ಗೋಡಿನ ಕಡೆ ಒಮ್ಮೆ ನೋಡಿ. 1985ರಲ್ಲಿ ಶುರುವಾದ ನೀನಾಸಮ್ ತಿರುಗಾಟ ನಾಟಕತಂಡದಲ್ಲಿ ರಂಗದ ಮೇಲೆ ರಾಜನಾದವನೇ ನಾಟಕ ಮುಗಿದ ಮೇಲೆ ಸೆಟ್ ಬಿಚ್ಚುತ್ತಾನೆ, ಲೈಟು ಇಳಿಸುತ್ತಾನೆ, ಪೆಟ್ಟಿಗೆಗೆ ಹೆಗಲು ಕೊಡುತ್ತಾನೆ. ಆ ಬದುಕಿನಲ್ಲಿ ಕಷ್ಟವಿಲ್ಲ ಎನ್ನುತ್ತಿಲ್ಲ. ಆದರೆ ಪೆಟ್ಟಿಗೆ ಹೊತ್ತವನಿಗೆ ಇನ್ನೊಬ್ಬನ ಬೆನ್ನುನೋವು ತಿಳಿಯದೆ ಇರುವುದಿಲ್ಲ, ಸಣ್ಣ ಊರುಗಳ ರಂಗಮಂದಿರಗಳಲ್ಲಿ ವರ್ಷವರ್ಷವೂ ಜನ ಕಾದು ಕೂತು ನೋಡಿದ ನಾಟಕಗಳು ಅಂಥ ತಂಡದಿಂದಲೇ ಬಂದವು.

ಶೂಟಿಂಗ್ ಮುಗಿಸಿ ಕುಂಬಳಕಾಯಿ ಒಡೆಯುವ ದಿನ ಲೈಟ್‌ಬಾಯ್‌ನ ಭುಜದ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಳ್ಳುವ ನಿಮ್ಮ ಪ್ರೀತಿ ಸುಳ್ಳಲ್ಲ, ಅದು ನನಗೂ ಗೊತ್ತು. ಆ ಪ್ರೀತಿಯನ್ನು ಮುಹೂರ್ತದ ದಿನವೇ ತನ್ನಿ ಎಂದಷ್ಟೇ ಕೇಳುತ್ತಿದ್ದೇನೆ. ನಾಳೆ ಬೆಳಗ್ಗೆ ಮೊದಲ ಶಾಟ್‌ಗೆ ಮುಂಚೆ ಕ್ರೇನಿನವರನ್ನು, ಫೈಟರ್‌ಗಳನ್ನು, ಮೇಕಪ್ಪಿನವರನ್ನು, ಅಡುಗೆಯವರನ್ನು ಸುತ್ತ ನಿಲ್ಲಿಸಿಕೊಂಡು, ಯಾರಿಗಾದರೂ ಏನಾದರೂ ಸರಿ ಕಾಣದಿದ್ದರೆ ಕೂಗಿ ಹೇಳಿ, ಹೇಳಿದವರ ಬಾಟಾ ಹೋಗುವುದಿಲ್ಲ, ಮುಂದಿನ ಚಿತ್ರವೂ ಹೋಗುವುದಿಲ್ಲ ಎಂದು ನಿಮ್ಮ ಬಾಯಿಂದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಮೊದಲ ದಿನ ಯಾರೂ ಮಾತಾಡಲಿಕ್ಕಿಲ್ಲ. ಎರಡನೆಯ ದಿನವೂ ಕೇಳಿ.