ಸಡಿಲವಾದ ಹಗ್ಗ

ಕಳೆದ ಕಾರ್ತಿಕ ಮಾಸದಲ್ಲಿ ತಿಕೋಟಾದ ಸದ್ಭಕ್ತರೊಬ್ಬರ ದ್ರಾಕ್ಷಿ ತೋಟದ ಮನೆಗೆ ನಾವು ಹೋಗಿದ್ದೆವು. ಬಾಗಿಲಲ್ಲಿ ಮುಧೋಳ ತಳಿಯ ಎಳೆಯ ನಾಯಿಯೊಂದು ಸರಪಳಿಯನ್ನು ಜಗ್ಗುತ್ತ ನಿಂತಿತ್ತು. “ಗುರುಗಳ, ಇದನ್ನ ಅಡ್ಡಾಡ್ಸಾಕ ಒಯ್ದ್ರ ನಮ್ಮನ್ನ ಎಳಕೊಂಡ್ ಹೋಗ್ತದ್ರಿ” ಎಂದು ಯಜಮಾನರು ಹೇಳಿಕೊಂಡರು. “ಕಟ್ಟಿಯೇ ಇಡಿರಿ, ತಾನಾಗಿ ಬುದ್ಧಿ ಬರುತ್ತದೆ” ಎಂದು ಹೇಳಿ ನಾವು ಹಿಂದಿರುಗಿದೆವು. ಅರಿಯದ ವಿಷಯದಲ್ಲಿ ಆಡಿದ ಮಾತು ಅದಾಗಿತ್ತು. ತಿಂಗಳು ತುಂಬುವುದರೊಳಗೆ ಆ ಮನೆಯ ಹನ್ನೆರಡು ವರ್ಷದ ಬಾಲಕನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನಾಯಿಯನ್ನು ಹೊರಗೆ ಒಯ್ದನು. ಮೊಲವೊಂದು ಅಡ್ಡ ಓಡಿತು. ನಾಯಿ ನೆಗೆಯಿತು, ಬಾಲಕನ ಮುಂಗೈ ಮುರಿಯಿತು. ಮನೆಯವರು ನಾಯಿಯನ್ನು ದೂರ ಎಲ್ಲಿಯಾದರೂ ಬಿಟ್ಟುಬರಲು ನಿಶ್ಚಯಿಸಿದರು. ಸುದ್ದಿ ತಿಳಿದಾಗ ನಮ್ಮ ಮನಸ್ಸು ನೊಂದಿತು; ತಪ್ಪಿನಲ್ಲಿ ನಮ್ಮ ಪಾಲೂ ಇತ್ತು.

ಮೊದಲು ಆ ಪ್ರಾಣಿಯ ಸ್ವಭಾವವನ್ನು ಅರಿಯಬೇಕು. ಮುಧೋಳವು 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಊರು. ಅಲ್ಲಿಯ ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಈ ತಳಿಯ ಚಿತ್ರವು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಸೈನ್ಯದವರೂ ಇದರ ಮರಿಗಳನ್ನು ಮೀರಠಕ್ಕೆ ಒಯ್ದು ತರಬೇತಿ ಕೊಟ್ಟಿದ್ದಾರೆ. ಆದ್ದರಿಂದ ಇದು ಕಲಿಯಲಾರದ ಪ್ರಾಣಿಯಲ್ಲ. ಆದರೆ ಇದು ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಇದರ ಹುಟ್ಟುಗುಣ. ಹಗಲೆಲ್ಲ ಕಟ್ಟಿಹಾಕಿದರೆ ಆ ವೇಗವು ಒಳಗೇ ಕೂಡಿಕೊಂಡು, ಹೊರಗೆ ಹೋದ ಕೂಡಲೇ ಸಿಡಿಯುತ್ತದೆ.

ಬಬಲೇಶ್ವರದಲ್ಲಿ ಬಹುಕಾಲ ನಾಯಿ ಸಾಕಿದ ಹಿರಿಯರೊಬ್ಬರನ್ನು ನಾವು ಕಂಡು ಉಪಾಯ ಕೇಳಿದೆವು. ಅವರು ನಕ್ಕು, “ಹಗ್ಗ ಬಿಗಿ ಆತಂದ್ರ ನಿಂತ್ ಬಿಡ್ರಿ, ಸಡ್ಲಾತಂದ್ರ ನಡೀರಿ. ಇಷ್ಟ ನೋಡ್ರಿ ವಿದ್ಯಾ” ಎಂದರು. ವಿಚಾರಿಸಿದಷ್ಟೂ ಆ ಮಾತಿನ ಅರ್ಥ ತೆರೆಯಿತು. ನಾಯಿ ಜಗ್ಗಿದಾಗ ನಾವು ಒಂದು ಹೆಜ್ಜೆ ಮುಂದಿಟ್ಟರೂ, ಜಗ್ಗಿದರೆ ದಾರಿ ಸಿಗುತ್ತದೆಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಕಂಬದಂತೆ ನಿಂತರೆ, ಜಗ್ಗುವುದರಿಂದ ಫಲವಿಲ್ಲವೆಂದು ಅದು ತಾನೇ ಅರಿಯುತ್ತದೆ. ತಿರುಗಿ ನೋಡಿ ಹಗ್ಗ ಸಡಿಲಿಸಿದ ಕ್ಷಣದಲ್ಲಿ ಒಂದು ಒಳ್ಳೆಯ ಮಾತು, ಮೊಣಕಾಲ ಬಳಿ ರೊಟ್ಟಿಯ ಒಂದು ಚೂರು. ಅನಂತರ ಮುಂದಿನ ಹೆಜ್ಜೆ.

ಈ ಅಭ್ಯಾಸವನ್ನು ಮೊದಲು ಮನೆಯಂಗಳದಲ್ಲಿ ಆರಂಭಿಸಬೇಕು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು. ಹೋರಿಗರುವಿಗೆ ನೊಗ ಕಲಿಸುವ ರೈತನು ಮೊದಲ ದಿನವೇ ಇಡೀ ಹೊಲ ಹರಗುತ್ತಾನೆಯೇ? ಅಂಗಳದಲ್ಲಿ ಕಲಿತ ಮೇಲೆ ಓಣಿ, ಓಣಿಯ ಮೇಲೆ ಪೇಟೆ. ಮನೆಯ ಎಲ್ಲರೂ ಒಂದೇ ನಿಯಮವನ್ನು ಪಾಲಿಸತಕ್ಕದ್ದು. ತಂದೆ ನಿಲ್ಲಿಸಿ ಮಗ ಬಿಟ್ಟರೆ ಪಾಠ ಕೆಡುತ್ತದೆ. ಹೊಡೆಯಲಂತೂ ಕೂಡದು. ಎದುರಿಗೆ ಮಗುವೊಂದು ಬಂದಾಗ ಹೊಡೆದರೆ, ಆ ನೋವು ಮಗುವಿನಿಂದಲೇ ಬಂದಿತೆಂದು ನಾಯಿ ಭಾವಿಸಬಹುದು. ಅಂಜಿಕೆಯೇ ಮುಂದೆ ಕಡಿತವಾಗುತ್ತದೆ.

ಈ ತಳಿಯ ತಲೆ ಕಿರಿದು, ಕೊರಳು ನೀಳ. ಸಾದಾ ಬೆಲ್ಟಿನಿಂದ ನುಣುಚಿಕೊಳ್ಳುವುದು ಸುಲಭವಾದ್ದರಿಂದ ಅಗಲವಾದ ಕೊರಳಪಟ್ಟಿ ಇಲ್ಲವೆ ಎದೆಪಟ್ಟಿ ಲೇಸು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಬಲಿಷ್ಠ ನಾಯಿಯನ್ನು ಮಕ್ಕಳ ಕೈಗೆ ಒಪ್ಪಿಸಬಾರದು. ವಿಜಯಪುರ ನಗರದಲ್ಲಿ ಬೀದಿನಾಯಿಗಳು ಎದುರಾದರೆ, ಬೊಗಳಾಟ ಆರಂಭವಾಗುವ ಮೊದಲೇ ಮೆಲ್ಲನೆ ದಿಕ್ಕು ಬದಲಿಸಿ ದೂರ ಸರಿಯಬೇಕು. ನಮ್ಮ ಬೇಸಿಗೆಯಲ್ಲಿ ಡಾಂಬರು ಕಾದ ಹಂಚಿನಂತಾಗುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಗಿಟ್ಟು ತಾಳಲಾಗದಿದ್ದರೆ ನಾಯಿಯ ಪಾದವೂ ತಾಳದು. ರೇಬೀಸ್ ಲಸಿಕೆಯನ್ನು ತಪ್ಪಿಸಬಾರದು. ಯಾವ ನಾಯಿಯೇ ಕಚ್ಚಿದರೂ ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ರೋಗ ತಲೆದೋರಿದ ಮೇಲೆ ಬದುಕುಳಿಯುವುದು ಅತಿ ವಿರಳ.

ಇದೆಲ್ಲವನ್ನೂ ತಿಳಿದುಕೊಂಡು ನಾವು ಮತ್ತೆ ತಿಕೋಟಾಕ್ಕೆ ಹೋಗಿ, ಹಿಂದಿನ ಮಾತು ತಪ್ಪೆಂದು ಒಪ್ಪಿಕೊಂಡು, ಎರಡು ತಿಂಗಳ ಅವಧಿ ಬೇಡಿದೆವು. ಆ ತಾಯಿಯವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಮೊನ್ನೆ ಹೋದಾಗ ಯಜಮಾನರು ಹಗ್ಗ ಹಿಡಿದಿದ್ದರು. ಮುಂಗೈ ಗುಣವಾದ ಬಾಲಕನು ರೊಟ್ಟಿಯ ಚೂರುಗಳನ್ನು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದನು. ಬೆಕ್ಕೊಂದು ಬೇಲಿ ಹಾರಿತು. ನಾಯಿ ಕಿವಿ ನಿಮಿರಿಸಿತು, ಹಗ್ಗ ಬಿಗಿಯಾಯಿತು. ಯಜಮಾನರು ನಿಂತರು. ಹಿಂದೆ ಅವರೂ ಜಗ್ಗುತ್ತಿದ್ದರು, ಬೈಯುತ್ತಿದ್ದರು. ಈಗ ಸುಮ್ಮನೆ ನಿಂತರು. ತುಸು ಹೊತ್ತಿಗೆ ನಾಯಿ ತಿರುಗಿ ಅವರ ಮುಖ ನೋಡಿತು, ಹಗ್ಗ ಸಡಿಲಾಯಿತು. ಮೊದಲು ಕಲಿಯಬೇಕಾದದ್ದು ಹಗ್ಗ ಹಿಡಿದ ಕೈ ಎಂಬುದು ನಮಗೆ ಈ ವಯಸ್ಸಿನಲ್ಲಿ ತಿಳಿಯಿತು.